8ನೇ ಮೈಲಿಯ ವಕೀಲರ ಆಫೀಸು: ಕೇಸೇ ಬೇಡ ಅಂದವರಿಗೆ 4 ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಉದ್ದ ಇದೆ. ಫೋನಿನಲ್ಲಿ ಬಲಗೈ ಹೆಬ್ಬೆರಳು ಒಂದರಲ್ಲೇ ಒತ್ತಿ ಎರಡು ರಾತ್ರಿ ಕೂತು ಬರೆದದ್ದು, ಅಲ್ಲಲ್ಲಿ ಅಕ್ಷರ ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಪೀಣ್ಯ, ದಾಸರಹಳ್ಳಿ, ಲಗ್ಗೆರೆ ಕಡೆ ಫ್ಯಾಕ್ಟರಿಯಲ್ಲಿ ದುಡಿಯುವವರಾದರೆ ಪೂರ್ತಿ ಓದಿ. ಉಳಿದವರು ಸ್ಟಾರ್ ನೋಡಿಕೊಂಡು ಹೋಗಬಹುದು.

ರಿವ್ಯೂ ಬರೆಯುತ್ತಿರುವುದು ತುಮಕೂರು ರಸ್ತೆಯಲ್ಲಿ 8ನೇ ಮೈಲಿ ಹತ್ತಿರ ಒಂದು ಬೇಕರಿ ಮೇಲೆ ಇರುವ ವಕೀಲೆ ಮೇಡಂ ಆಫೀಸಿನ ಬಗ್ಗೆ. ಹೆಸರು ಹಾಕುತ್ತಿಲ್ಲ. ಹಾಕುತ್ತೇನೆ ಅಂದಿದ್ದೆ, ಅವರೇ ಬೇಡ ಅಂದರು. ವಕೀಲರು ಪ್ರಚಾರ ಮಾಡಿಕೊಳ್ಳುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಇದೆ. "ನಿಮ್ಮ ಕಥೆ ಬರ್ಕೊಳ್ಳಿ, ನನ್ನ ಬೋರ್ಡ್ ಬರೀಬೇಡಿ" ಅಂದರು. ಹುಡುಕುವುದೇನೂ ಕಷ್ಟ ಇಲ್ಲ. ಸಂಜೆ ಹೊತ್ತು ಕೈಗೋ ಕಾಲಿಗೋ ಬ್ಯಾಂಡೇಜ್ ಕಟ್ಟಿಕೊಂಡು ಬೇಕರಿ ಮುಂದೆ ಟೀ ಕುಡಿಯುತ್ತಾ ನಿಂತವರು ಕಂಡರೆ ಅದೇ ಜಾಗ.

ನಾನು ಪವರ್ ಪ್ರೆಸ್ ಆಪರೇಟರ್ ಆಗಿದ್ದೆ. ಶೀಟ್ ಮೆಟಲ್ ಕೆಲಸ, ಕರೆಂಟ್ ಪ್ಯಾನೆಲ್ ಬಾಕ್ಸಿಗೆ ಬ್ರಾಕೆಟ್ ಹೊಡೆಯುವುದು. ಸಂಬಳ 17,400. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಒಳ್ಳೆ ಪ್ರೆಸ್‌ಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯುತ್ತದೆ, ಹಾಗಾಗಿ ಕೈ ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಒಳಗೆ ಇರುವ ಮಾತೇ ಇಲ್ಲ. ಆದರೆ ಹಾಗೆ ಹೊಡೆದರೆ ಗಂಟೆಗೆ ಬರುವ ಪೀಸು ಕಮ್ಮಿ. ಅದಕ್ಕೆ ನಮ್ಮಲ್ಲಿ ಬಟನ್ ಲೈನ್ ತೆಗೆದು ಕಾಲಿನ ಪೆಡಲ್ ಕೊಟ್ಟಿದ್ದರು. ಕೈಯಲ್ಲಿ ಶೀಟ್ ಇಡು, ಕಾಲಲ್ಲಿ ಒತ್ತು, ಕೈ ತೆಗಿ, ಮತ್ತೆ ಇಡು. ರಾತ್ರಿ ಪಾಳಿಯಲ್ಲಿ ಸಾವಿರಾರು ಸಲ ಇದೇ. ಯಾವತ್ತೋ ಒಂದು ಸಲ ಕಾಲು ಕೈಗಿಂತ ಮುಂದೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

2023ರ ಆಗಸ್ಟ್ 25, ಬೆಳಗಿನ ಜಾವ 3:20. ನೋವು ಮೊದಲು ಗೊತ್ತಾಗಲಿಲ್ಲ. ಎಡಗೈ ಗ್ಲೌಸಿನ ಎರಡು ತುದಿ ಹಪ್ಪಳದ ಹಾಗೆ ಚಪ್ಪಟೆ ಆಗಿ ಕಂಡಿತು, ಅಷ್ಟೇ. ತೋರುಬೆರಳಿನ ಎರಡು ಗೆಣ್ಣು, ನಡುಬೆರಳಿನ ಒಂದು ಗೆಣ್ಣು ಹೋಯಿತು. ಅವತ್ತು ವರಮಹಾಲಕ್ಷ್ಮಿ ಹಬ್ಬ. ನನ್ನ ಹೆಂಡತಿ 4 ಗಂಟೆಗೇ ಎದ್ದು ಕಲಶಕ್ಕೆ ಸೀರೆ ಉಡಿಸುತ್ತಿದ್ದಳಂತೆ, ಆಗ ಫೋನ್ ಹೋಗಿದೆ.

ಸೂಪರ್‌ವೈಸರ್ ನನ್ನನ್ನು ಹತ್ತಿರದ ಒಂದು ಪ್ರೈವೇಟ್ ಆಸ್ಪತ್ರೆಗೆ ಸೇರಿಸಿದ. ಕ್ಯಾಶುವಾಲ್ಟಿಯಲ್ಲಿ ಹೇಗಾಯಿತು ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅವನು "ಬೈಕ್ ಚೈನಿಗೆ ಸಿಕ್ಕಿಹಾಕಿಕೊಂಡಿತು ಸಾರ್" ಅಂದ. ನನ್ನ ಕಡೆ ತಿರುಗಿ "ಬಿಲ್ ಎಲ್ಲ ಕಂಪನಿ ನೋಡ್ಕೊಳ್ಳುತ್ತೆ, ಸುಮ್ನೆ ಇರು" ಅಂತ ಮೆಲ್ಲಗೆ ಹೇಳಿದ. ನಾನು ತಲೆ ಆಡಿಸಿದೆ. ಆ ಹೊತ್ತಿನಲ್ಲಿ ಬೆರಳು ಉಳಿಯುತ್ತದಾ ಅನ್ನುವುದು ಬಿಟ್ಟರೆ ಬೇರೇನೂ ತಲೆಯಲ್ಲಿ ಇರಲಿಲ್ಲ. ಆ ಒಂದು ತಲೆ ಆಡಿಸಿದ್ದಕ್ಕೆ ನಾಲ್ಕು ತಿಂಗಳು ಅಲೆದಿದ್ದೇನೆ.

ಬಿಲ್ ಅವರೇ ಕಟ್ಟಿದರು, ಇಲ್ಲ ಅನ್ನಲ್ಲ. ಆಮೇಲೆ ಸಂಬಳ ನಿಂತಿತು. ಫೋನ್ ಮಾಡಿದರೆ "ರೆಸ್ಟ್ ತಗೋ, ಆಮೇಲೆ ನೋಡೋಣ". ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಅವಳ ಸಂಬಳದಲ್ಲಿ ಬಾಡಿಗೆ ಮತ್ತು ಮಗಳ ಸ್ಕೂಲು. ಅವಳ ಸರ ಅಡ ಇಟ್ಟೆವು.

ಇಲ್ಲಿ ಒಂದು ಸಣ್ಣ ರಿವ್ಯೂ ಮಧ್ಯದಲ್ಲಿ. ಡ್ರೆಸ್ಸಿಂಗ್ ಮಾಡಿಸಲು ಹೋದಾಗ ಆಸ್ಪತ್ರೆ ಹೊರಗೆ ಜ್ಯೂಸ್ ಅಂಗಡಿ ಪಕ್ಕ ಒಬ್ಬ ಸಿಕ್ಕಿದ. ಇಸ್ತ್ರಿ ಶರ್ಟು, ಕೈಯಲ್ಲಿ ಫೈಲು. ನನ್ನ ಕೈ ನೋಡಿ ಅವನೇ ಮಾತಾಡಿಸಿದ. ವಿಸಿಟಿಂಗ್ ಕಾರ್ಡಿನಲ್ಲಿ ಆಕ್ಸಿಡೆಂಟ್ ಕ್ಲೇಮ್ ಅಂತ ಇತ್ತು, ಅಡ್ವೊಕೇಟ್ ಅಂತ ಎಲ್ಲೂ ಇರಲಿಲ್ಲ. ನಾನು ಗಮನಿಸಲಿಲ್ಲ. "ಎರಡು ಬೆರಳಾ? 5 ಲಕ್ಷ ಗ್ಯಾರಂಟಿ ಬ್ರದರ್. ಬಂದಮೇಲೆ ನಮಗೆ 30 ಪರ್ಸೆಂಟ್, ಬರಲಿಲ್ಲ ಅಂದರೆ ಒಂದು ರೂಪಾಯಿ ಬೇಡ" ಅಂದ. ಒಂದು ರೂಪಾಯಿ ಬೇಡ ಅಂದವನು ಫೈಲ್ ಓಪನ್ ಮಾಡಲು ಅಂತ 3,000 ತೆಗೆದುಕೊಂಡ. ಆಧಾರ್ ಜೆರಾಕ್ಸ್ ಇಟ್ಟುಕೊಂಡ, ಖಾಲಿ ಫಾರಂ ಮೂರಕ್ಕೆ ಸಹಿ ಹಾಕಿಸಿಕೊಂಡ. ಆಮೇಲೆ ಅವನ ಫೋನು ಯಾವಾಗಲೂ ಬಿಜಿ. ಅವನಿಗೆ ನನ್ನ ಕಡೆಯಿಂದ 0 ಸ್ಟಾರ್, ಕೊಡುವ ಹಾಗಿದ್ದರೆ ಮೈನಸ್.

ಮೇಡಂ ಆಫೀಸು ತೋರಿಸಿದ್ದು ನನ್ನ ಹೆಂಡತಿ. ಅವಳ ಜೊತೆ ಕೆಲಸ ಮಾಡುವ ಅಕ್ಕನ ಗಂಡನಿಗೆ ಹಿಂದೆ ಅಲ್ಲಿ ಕೆಲಸ ಆಗಿತ್ತು. ಗಣೇಶನ ಹಬ್ಬ ಆದ ವಾರ ಸಂಜೆ 6:30ಕ್ಕೆ ಹೋದೆವು. ಎರಡು ರೂಮು. ಹೊರಗಿನದರಲ್ಲಿ ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ ಫ್ಯಾನು. ಫೈಲುಗಳು ಕೆಂಪು ದಾರದಲ್ಲಿ ಕಟ್ಟಿ ಗೋಡೆ ಉದ್ದಕ್ಕೂ ನೆಲದ ಮೇಲೇ ಜೋಡಿಸಿದ್ದಾರೆ. ಟೋಕನ್ ಇಲ್ಲ, ಅಪಾಯಿಂಟ್‌ಮೆಂಟ್ ಇಲ್ಲ, ಬಂದವರು ತಾವೇ ಸಾಲು ನೆನಪಿಟ್ಟುಕೊಳ್ಳಬೇಕು. ಒಂದೂವರೆ ಗಂಟೆ ಕಾದೆವು.

ಕಾಯುವಾಗ ಪಕ್ಕದಲ್ಲಿ ಯಾದಗಿರಿ ಕಡೆಯ ಗಾರೆ ಕೆಲಸದ ಅಣ್ಣ ಒಬ್ಬರು ಕೂತಿದ್ದರು. ಸಾರ್ವೆ ಮುರಿದು ಎರಡನೇ ಮಹಡಿಯಿಂದ ಬಿದ್ದು ಸೊಂಟ ಹೋಗಿತ್ತು. ಮೇಸ್ತ್ರಿ "ನನ್ನ ಹತ್ತಿರ ಏನಿದೆ, ಬಿಲ್ಡರ್ ಕೇಳು" ಅಂತಾನೆ, ಬಿಲ್ಡರ್ "ನೀನು ಮೇಸ್ತ್ರಿ ಆಳು, ನಮಗೂ ನಿನಗೂ ಏನು" ಅಂತಾನೆ. ಅವರ ದಾರಿ ನನ್ನದಕ್ಕಿಂತ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಮೇಡಂಗೆ ಐವತ್ತು ದಾಟಿರಬಹುದು. ನಮಸ್ಕಾರ, ಕೂತ್ಕೊಳ್ಳಿ ಎಲ್ಲ ಮುಗಿದಮೇಲೆ ಕೈ ಹೇಗಿದೆ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಿದ್ದು "ಆಸ್ಪತ್ರೆ ಚೀಟಿ ಎಲ್ಲಿ? ಹೆಂಗಾಯ್ತು ಅಂತ ಅದರಲ್ಲಿ ಏನು ಬರ್ದಿದ್ದಾರೆ?" ಕೊಟ್ಟೆ. ಓದಿ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಬೈಕ್ ಚೈನು" ಅಂದರು. ಆಮೇಲೆ ಬೈದರು. ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ ಬೈದರು. ನನ್ನ ಹೆಂಡತಿ ಮುಖ ಸಣ್ಣದಾಯಿತು. ಇದು ನನಗೆ ಇಷ್ಟ ಆಗಲಿಲ್ಲ, ಬೆರಳು ಹೋದವನಿಗೆ ಬುದ್ಧಿ ಹೇಳುವುದಕ್ಕೂ ಒಂದು ರೀತಿ ಇರುತ್ತದೆ ಅಲ್ವಾ.

ಅದನ್ನು ಆಸ್ಪತ್ರೆಯಲ್ಲಿ ತಿದ್ದಿಸಿಕೊಂಡು ಬರಲಾ ಅಂತ ಕೇಳಿದೆ. "ಬೇಡವೇ ಬೇಡ. ತಿದ್ದಿದ ಕಾಗದ ಸುಳ್ಳು ಕಾಗದಕ್ಕಿಂತ ಕೆಟ್ಟದ್ದು" ಅಂದರು. ನಾನು ಒಬ್ಬನೇ ಆಗಿದ್ದರೆ ಖಂಡಿತ ತಿದ್ದಿಸಲು ಹೋಗುತ್ತಿದ್ದೆ.

ಆಮೇಲೆ 5 ಲಕ್ಷದ ಕಥೆ ಹೇಳಿದೆ. ಗೋಡೆಯ ಕ್ಯಾಲೆಂಡರಿನಿಂದ ಹಳೇ ಹಾಳೆ ಹರಿದು ಹಿಂದೆ ಲೆಕ್ಕ ಬರೆದು ತೋರಿಸಿದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ನೌಕರರ ಪರಿಹಾರ ಕಾಯ್ದೆ ಅಂತ ಆಗ 1923ರದ್ದು ಒಂದಿತ್ತು. ಅದರಲ್ಲಿ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಜಾಸ್ತಿ ಅಂದರೆ 15,000. 2020ರ ಜನವರಿಗೆ ಮುಂಚೆ ಅದೂ 8,000 ಇತ್ತು. ಅದರ ಶೇ. 60, ಅಂದರೆ 9,000. ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು, ಕಾಯ್ದೆಯಲ್ಲೇ ಪಟ್ಟಿ ಇದೆ. ನನಗೆ 35 ವರ್ಷ, ಅಂಕಿ 197.06. ಗುಣಿಸಿದರೆ 17,73,540. ಓ, ಇಷ್ಟು ಬರುತ್ತದಾ ಅಂದುಕೊಳ್ಳಬೇಡಿ, ಇದು ಇನ್ನು ದುಡಿಯಲಿಕ್ಕೇ ಆಗಲ್ಲ ಅನ್ನುವ ಸ್ಥಿತಿಗೆ ಬಂದವರಿಗೆ. ಬೆರಳಿಗೆ ಬೇರೆ ಪಟ್ಟಿ. ತೋರುಬೆರಳಿನ ಎರಡು ಗೆಣ್ಣಿಗೆ ಶೇ. 11, ನಡುಬೆರಳಿನ ಒಂದು ಗೆಣ್ಣಿಗೆ ಶೇ. 7. ಹೆಬ್ಬೆರಳು ಪೂರ್ತಿ ಹೋದರೆ ಶೇ. 30. ಕಿರುಬೆರಳು ಪೂರ್ತಿ ಹೋದರೂ ಬರೀ ಶೇ. 7. ಅಂಗಡಿ ರೇಟ್ ಬೋರ್ಡ್ ಓದಿದ ಹಾಗಿತ್ತು. ನಂದು ಒಟ್ಟು ಶೇ. 18, ಅಂದರೆ 3,19,237 ರೂಪಾಯಿ. "ನಿಮ್ಮ ಏಜೆಂಟ್ 5 ಲಕ್ಷ ಎಲ್ಲಿಂದ ತರ್ತಾನೆ? ಇದರಲ್ಲೇ ಅವನಿಗೆ 95 ಸಾವಿರ ಹೋಗುತ್ತೆ. ಇನ್ನು ವಕೀಲರು ಯಾರಾದರೂ ಬಂದದ್ದರಲ್ಲಿ ಪಾಲು ಕೇಳಿದರೆ ಅದು ನಮ್ಮ ನಿಯಮಕ್ಕೇ ವಿರುದ್ಧ, ನೆನಪಿಟ್ಕೊಳ್ಳಿ" ಅಂದರು.

3 ಲಕ್ಷ ಆದರೂ ಆಗಲಿ, ಕೇಸ್ ಹಾಕಿ ಮೇಡಂ ಅಂದೆ. "ಹಾಕಲ್ಲ" ಅಂದರು.

ಸಂಬಳ ಚೀಟಿ ತೋರಿಸಿ ಅಂದರು. ಅದರಲ್ಲಿ ಇ.ಎಸ್.ಐ. ಅಂತ 131 ರೂಪಾಯಿ ಹಿಡಿದಿರುವ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ಇ.ಎಸ್.ಐ. ಅಂದರೆ ನೌಕರರಿಗೆ ಸರ್ಕಾರದ ವಿಮೆ, ನಮ್ಮ ಸಂಬಳದ ಶೇ. 0.75 ನಾವು, ಶೇ. 3.25 ಕಂಪನಿ ಕಟ್ಟುತ್ತದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, 21,000ದವರೆಗೆ ಸಂಬಳ ಇರುವವರಿಗೆ ಇದು. ನಾನು ಇಷ್ಟು ವರ್ಷ ಅದನ್ನು ಜ್ವರದ ಮಾತ್ರೆ ಕೊಡುವ ಸ್ಕೀಮ್ ಅಂತಲೇ ತಿಳಿದಿದ್ದೆ. ಇ.ಎಸ್.ಐ. ಇದ್ದವರಿಗೆ ಕೆಲಸದಲ್ಲಿ ಏಟಾದರೆ 1923ರ ಕಾಯ್ದೆಯಲ್ಲಿ ಕಂಪನಿ ಮೇಲೆ ಪರಿಹಾರದ ಕೇಸ್ ಹಾಕಲು ಬರುವುದಿಲ್ಲ, 1948ರ ಇ.ಎಸ್.ಐ. ಕಾಯ್ದೆಯ 53ನೇ ಸೆಕ್ಷನ್ ಅಡ್ಡ ಬರುತ್ತದೆ. "ಹಾಕಿದರೆ ಎರಡು ವರ್ಷ ನಿಮ್ಮ ಹತ್ತಿರ ಫೀಸ್ ತಗೊಂಡು ಕೊನೆಗೆ ಡಿಸ್ಮಿಸ್ ಅಂತೀನಿ. ಬೇಕಾ?" ಅಂದರು.

ಬದಲಿಗೆ ಇ.ಎಸ್.ಐ.ನಲ್ಲಿ ಸಿಗುವುದು ಎರಡು. ಗಾಯ ವಾಸಿ ಆಗುವ ತನಕ, ಡಾಕ್ಟರ್ ರಜೆ ಸರ್ಟಿಫಿಕೇಟ್ ಇರುವಷ್ಟು ದಿನ, ದಿನಗೂಲಿಯ ಶೇ. 90. ಮಾಮೂಲಿ ಕಾಯಿಲೆಗೆ ಇದು ಶೇ. 70, ಅದೂ 91 ದಿನಕ್ಕೆ ಸೀಮಿತ. ಕೆಲಸದ ಏಟಿಗೆ ಆ ಮಿತಿ ಇಲ್ಲ. ಇಷ್ಟು ತಿಂಗಳು ಕಟ್ಟಿರಬೇಕು ಅನ್ನುವ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನ ಏಟಾದರೂ ಸಿಗುತ್ತದೆ. ಎರಡನೆಯದು, ಮೆಡಿಕಲ್ ಬೋರ್ಡ್ ಎಷ್ಟು ಪರ್ಸೆಂಟ್ ದುಡಿಯುವ ಶಕ್ತಿ ಹೋಗಿದೆ ಅಂತ ಬರೆಯುತ್ತದೋ ಅಷ್ಟು ಪಾಲು ಸಾಯುವ ತನಕ. ನನ್ನ ಲೆಕ್ಕ: ದಿನಕ್ಕೆ ಸರಾಸರಿ 580, ಅದರ ಶೇ. 90 ಅಂದರೆ 522. ಅದರಲ್ಲಿ ಶೇ. 18 ಅಂದರೆ ದಿನಕ್ಕೆ 94 ರೂಪಾಯಿ ಹತ್ತಿರ.

94 ರೂಪಾಯಿಯಾ ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ನನ್ನ ಹೆಂಡತಿ ಅಲ್ಲೇ ಫೋನಿನಲ್ಲಿ ಗುಣಿಸಿದಳು. ವರ್ಷಕ್ಕೆ 34 ಸಾವಿರ ಚಿಲ್ಲರೆ. ಒಂಬತ್ತೂವರೆ ವರ್ಷ ಆಗುವುದರೊಳಗೆ ಆ 3.19 ಲಕ್ಷ ದಾಟಿಹೋಗುತ್ತದೆ, ಆಮೇಲೂ ಬರುತ್ತಾ ಇರುತ್ತದೆ. "ರೀ, ಸುಮ್ನೆ ಇವರು ಹೇಳಿದ ಹಾಗೆ ಮಾಡೋಣ" ಅಂದಳು.

ಆದರೆ ಬೈಕ್ ಚೈನು? ಏಟು ಕೆಲಸದಲ್ಲೇ ಆಗಿದ್ದು ಅಂತ ಇ.ಎಸ್.ಐ. ಒಪ್ಪಿದರೆ ತಾನೇ ಇದೆಲ್ಲ. ಕಂಪನಿ ಫಾರಂ 12 ಅಂತ ಅಪಘಾತದ ವರದಿ ಕಳಿಸಬೇಕು, ಬೆರಳು ಹೋಗುವಂಥ ದೊಡ್ಡ ಏಟಾದರೆ ತಕ್ಷಣ ಕಳಿಸಬೇಕು. ನಮ್ಮವರು ಕಳಿಸಿರಲಿಲ್ಲ. ಕಳಿಸಿದರೆ ಇನ್‌ಸ್ಪೆಕ್ಟರ್ ಬರುತ್ತಾರೆ, ಪ್ರೆಸ್‌ನ ಬಟನ್ ಎಲ್ಲಿ ಅಂತ ಕೇಳುತ್ತಾರೆ, ಅದೇ ಭಯ. ಮೇಡಂ ನನ್ನನ್ನು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಅವತ್ತು ರಾತ್ರಿ ಯಾರು ಯಾರು ಇದ್ದರು, ಯಾವ ಕಂಪನಿ ವ್ಯಾನಲ್ಲಿ ಹೋದಿರಿ, ಹಾಜರಿ ಹೇಗೆ ಹಾಕುತ್ತೀರಿ. ಹಾಜರಿಗೆ ಬೆರಳು ಒತ್ತುವ ಮೆಷಿನ್ ಇದೆ, ಅದು ಫೋನಿನ ಆ್ಯಪ್‌ನಲ್ಲೂ ಕಾಣುತ್ತದೆ ಅಂದೆ. ತೋರಿಸಿ ಅಂದರು. ತೆಗೆದು ನೋಡಿದರೆ ಆಗಸ್ಟ್ 24, ಒಳಗೆ ಬಂದದ್ದು ರಾತ್ರಿ 9:52. ಹೊರಗೆ ಹೋದದ್ದು, ಖಾಲಿ.

"ಯಾವ ಬೆರಳು ಒತ್ತೋದು?" ಅಂದರು. ಬಲಗೈಗೆ ಯಾವಾಗಲೂ ಗ್ರೀಸ್ ಇರುತ್ತದೆ ಅಂತ ಎಲ್ಲರೂ ಎಡಗೈ ತೋರುಬೆರಳನ್ನೇ ಕೊಟ್ಟಿದ್ದೆವು. ಯಾವುದು ಹೋಯಿತೋ ಅದೇ. ಮೇಡಂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಜೂನಿಯರ್ ಹುಡುಗನನ್ನು ಕರೆದು ಸ್ಕ್ರೀನ್‌ಶಾಟ್ ತೆಗೆಸಿ ಆಗಲೇ ಪ್ರಿಂಟ್ ಹಾಕಿಸಿದರು. ಒಳ್ಳೇದೇ ಆಯಿತು, ಹದಿನೈದು ದಿನದಲ್ಲಿ ಕಂಪನಿ ನನ್ನ ಆ್ಯಪ್ ಲಾಗಿನ್ ಬಂದ್ ಮಾಡಿತು.

ಅವತ್ತಿನ ಫೀಸು 500. ನಾನು ಜೇಬಿಗೆ ಕೈ ಹಾಕುವಾಗ ಇನ್ನೊಂದು ಮಾತು ಹೇಳಿದರು. ಕೈಗಾರಿಕೆಯಲ್ಲಿ ಕೆಲಸ ಮಾಡುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಬಿಟ್ಟಿಯಾಗಿ ವಕೀಲರು ಸಿಗುತ್ತಾರೆ, 1987ರ ಕಾಯ್ದೆಯಲ್ಲೇ ಅದು ಇದೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ, ದುಡ್ಡಿಗೆ ಕಷ್ಟ ಇದ್ದರೆ ಅಲ್ಲಿಗೇ ಹೋಗಿ ಅಂತ. ತನ್ನ ಗಿರಾಕಿಯನ್ನು ಬಿಟ್ಟಿ ಕೊಡುವ ಅಂಗಡಿಗೆ ಕಳಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಬರೆಯುತ್ತಿರುವ ಮುಖ್ಯ ಕಾರಣ ಇದೇ.

ಕಂಪನಿಗೆ ಒಂದು ಪತ್ರ, ಇ.ಎಸ್.ಐ. ಶಾಖೆಗೆ ಒಂದು, ಎರಡೂ ಅಕ್ನಾಲೆಡ್ಜ್‌ಮೆಂಟ್ ಇರುವ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಬಯ್ಗುಳ ಇಲ್ಲ, ಬೆದರಿಕೆ ಇಲ್ಲ. ಇಷ್ಟು ಗಂಟೆಗೆ, ಇಂಥ ಮೆಷಿನ್‌ನಲ್ಲಿ, ಹೀಗಾಯಿತು, ವರದಿ ಕಳಿಸಿ ಅಂತ ಒಂದೇ ಪುಟ. ಜೊತೆಗೆ ಹಾಜರಿಯ ಪ್ರಿಂಟು. ಆಪರೇಷನ್ ನೋಟಿನಲ್ಲಿ ಬೆರಳು ಜಜ್ಜಿ ತುಂಡಾಗಿದೆ ಅಂತ ಡಾಕ್ಟರ್ ಬರೆದಿದ್ದನ್ನೂ ಹಾಕಿದರು, ಚೈನಿಗೆ ಸಿಕ್ಕರೆ ಎರಡು ಬೆರಳು ಒಂದೇ ಗೆರೆಗೆ ಹಾಗೆ ಹೋಗಲ್ಲ. ಇಲ್ಲಿ ಜೂನಿಯರ್ ಒಂದು ಎಡವಟ್ಟು ಮಾಡಿದ. ಇ.ಎಸ್.ಐ.ಗೆ ಹೋದ ಕವರಿನಲ್ಲಿ ಹಾಜರಿ ಪ್ರಿಂಟ್ ಹಾಕುವುದನ್ನೇ ಮರೆತ. ಅವರು ಕೇಳಿ, ಮತ್ತೆ ಕಳಿಸಿ, ಹನ್ನೆರಡು ದಿನ ಹಾಳು. ಕೆಲಸ ಇಲ್ಲದ ಮನೆಯಲ್ಲಿ ಹನ್ನೆರಡು ದಿನ ಅಂದರೆ ಏನು ಅಂತ ಆ ಹುಡುಗನಿಗೆ ಗೊತ್ತಿಲ್ಲ ಪಾಪ.

ಆಯುಧಪೂಜೆ ದಿನ ಓನರ್ ಫೋನ್ ಬಂತು. ಪತ್ರ ತಲುಪಿತ್ತು. "ಪೂಜೆಗೆ ಬಾಪ್ಪ, ನೀನಿಲ್ಲದೆ ಹೆಂಗೆ" ಅಂದರು. ಹೋದೆ. ನನ್ನ ಪ್ರೆಸ್‌ಗೇ ಮೊದಲ ಪೂಜೆ. ಬಾಳೆಕಂದು ಕಟ್ಟಿದ್ದರು, ಡೈ ಮೇಲೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ಬೂದುಗುಂಬಳ ಒಡೆದು ಒಳಗೆಲ್ಲ ಕುಂಕುಮ ಸುರಿದಿದ್ದರು. ಪೆಡಲ್ ಹಾಗೇ ಇತ್ತು, ಅದಕ್ಕೂ ಒಂದು ಹೂವು. ಕಡ್ಲೆಪುರಿ, ಮೈಸೂರು ಪಾಕ್ ಕೊಟ್ಟು ಆಫೀಸ್ ರೂಮಿಗೆ ಕರೆದರು. ಟೇಬಲ್ ಮೇಲೆ 40,000 ಕ್ಯಾಶು, ಒಂದು ಸ್ಟಾಂಪ್ ಪೇಪರ್. ಬೈಕಿನಲ್ಲಿ ಏಟಾಗಿದ್ದು, ಕಂಪನಿ ಮಾನವೀಯತೆಯಿಂದ ಸಹಾಯ ಮಾಡಿದೆ, ಮುಂದೆ ಯಾವ ಕ್ಲೇಮೂ ಇಲ್ಲ ಅಂತ ಟೈಪ್ ಆಗಿತ್ತು. ನಿಜ ಹೇಳಬೇಕೆಂದರೆ ಕೈ ಹೋಯಿತು ಪೆನ್ನಿಗೆ. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ಹೆಂಡತಿಗೆ ಕೇಳಿ ಹೇಳುತ್ತೇನೆ ಸಾರ್ ಅಂತ ಹೇಳಿ ಎದ್ದು ಬಂದೆ, ಮೈಸೂರು ಪಾಕ್ ಮಾತ್ರ ತಂದೆ. ಮೇಡಂಗೆ ಮಧ್ಯಾಹ್ನ ಐದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹಬ್ಬದ ದಿನ ಅಂತ ಬಿಟ್ಟರೂ ಉಳಿದ ದಿನವೂ ಅವರು ಫೋನ್ ಎತ್ತುವುದು ಕಮ್ಮಿ. ವಾಟ್ಸಾಪ್ ಮಾಡಿದರೆ ರಾತ್ರಿ 11ಕ್ಕೆ ಒಂದು ಸಾಲು ಬರುತ್ತದೆ. ಅವತ್ತು ಬಂದ ಸಾಲು: "ಸಹಿ ಬೇಡ. ಸ್ವೀಟ್ ಪರವಾಗಿಲ್ಲ."

ಇ.ಎಸ್.ಐ. ಶಾಖೆಯಿಂದಲೂ ಕಂಪನಿಗೆ ಪತ್ರ ಹೋದಮೇಲೆ ನವೆಂಬರ್ ಮೊದಲ ವಾರ ಫಾರಂ 12 ಬಂತು. ನನ್ನ ಜೊತೆ ಅವತ್ತು ರಾತ್ರಿ ಇದ್ದ ಶಿರಾ ಕಡೆಯ ಹುಡುಗ ಒಬ್ಬ ಬಂದು ಹೇಳಿಕೆ ಕೊಟ್ಟ, ಅವನ ಋಣ ನನ್ನ ಮೇಲಿದೆ. ಶಾಖೆಯ ಕೌಂಟರ್ ಬಗ್ಗೆ ಏನು ಹೇಳುವುದು, ಒಂದು ಕಾಗದಕ್ಕೆ ಮೂರು ಸಲ ಹೋಗಿದ್ದೇನೆ, ಸರ್ವರ್ ಡೌನ್ ಅನ್ನುವುದು ಅಲ್ಲಿ ಶುಭೋದಯ ಇದ್ದ ಹಾಗೆ. ಆದರೆ ಯಾರೂ ದುಡ್ಡು ಕೇಳಲಿಲ್ಲ, ಅದೂ ಹೇಳಬೇಕು. 96 ದಿನದ್ದು 50,112 ರೂಪಾಯಿ ಡಿಸೆಂಬರಿನಲ್ಲಿ ನೇರ ಬ್ಯಾಂಕ್ ಅಕೌಂಟಿಗೆ ಬಿತ್ತು. ಸರ ಬಿಡಿಸಿಕೊಂಡೆವು.

ಮೆಡಿಕಲ್ ಬೋರ್ಡ್ 2024ರ ಮಾರ್ಚಿನಲ್ಲಿ. ಹಿಂದಿನ ವಾರ ಮೇಡಂ ಕರೆಸಿ ಹೇಳಿದ್ದು ಇಷ್ಟೇ: ನಾಟಕ ಆಡಬೇಡಿ, ಧೈರ್ಯವಂತನ ಹಾಗೂ ಆಡಬೇಡಿ. ನಾವು ಗಂಡಸರು ಡಾಕ್ಟರ ಮುಂದೆ ಪರವಾಗಿಲ್ಲ ಸಾರ್ ಅನ್ನುತ್ತೇವೆ ನೋಡಿ, ಅದಕ್ಕೆ. ಒಳಗೆ ಐದು ನಿಮಿಷವೂ ಆಗಲಿಲ್ಲ. ಮುಷ್ಟಿ ಕಟ್ಟು, ಬಿಚ್ಚು, ಮೇಜಿನ ಮೇಲಿನ ನಾಣ್ಯ ಎಡಗೈಯಲ್ಲಿ ಎತ್ತು ಅಂದರು. ಮೂರು ಸಲ ಜಾರಿತು, ಹೆಬ್ಬೆರಳು ಉಂಗುರ ಬೆರಳು ಸೇರಿಸಿ ಎತ್ತಿದೆ. ಚಳಿಯಲ್ಲಿ ತುದಿ ಜುಮ್ಮೆನ್ನುತ್ತದೆ, ಶರ್ಟ್ ಗುಂಡಿ ಹಾಕಲು ಆಗಲ್ಲ ಅಂದೆ. ಶೇ. 18 ಬರೆದರು, ಪಟ್ಟಿಯಲ್ಲಿ ಇರುವಷ್ಟೇ. ಕಮ್ಮಿ ಬರೆದರೆ ಮೇಲ್ಮನವಿಗೆ ಅವಕಾಶ ಇದೆ, ನನಗೆ ಅದು ಬೇಕಾಗಲಿಲ್ಲ. ಜೂನಿನಲ್ಲಿ ಹಣ ಶುರುವಾಯಿತು, ಹಿಂದಿನ ಬಾಕಿ ಸೇರಿಸಿ. ಈಗ ನಾನು ಬೇರೆ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಹೋದರೂ ಈ ಹಣ ನಿಲ್ಲುವುದಿಲ್ಲ, ಇದನ್ನು ತುಂಬ ಜನ ಕೇಳುತ್ತಾರೆ.

ಹಾಂ, ಯಾದಗಿರಿ ಅಣ್ಣನ ವಿಷಯ. ಅವರಿಗೆ ಇ.ಎಸ್.ಐ. ಇಲ್ಲ, ಹಾಗಾಗಿ 1923ರ ಕಾಯ್ದೆಯೇ ಅವರ ದಾರಿ. ಏಟಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮೇಸ್ತ್ರಿ ಮೂಲಕ ಕೆಲಸ ಮಾಡಿದ್ದರೂ ಮೇಲಿನ ಮಾಲೀಕನ ಮೇಲೆ ಹಾಕಲು ಬರುತ್ತದೆ. ಅವನು ಕೊಟ್ಟು ಆಮೇಲೆ ಮೇಸ್ತ್ರಿ ಹತ್ತಿರ ವಸೂಲು ಮಾಡಿಕೊಳ್ಳಲಿ. ಪರಿಹಾರ ಒಂದು ತಿಂಗಳಿಗಿಂತ ತಡ ಮಾಡಿದರೆ ಶೇ. 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಶೇ. 50ರವರೆಗೆ ದಂಡ. ಆಸ್ಪತ್ರೆ ಖರ್ಚು ಬೇರೆ. ಹಕ್ಕು ಬಿಟ್ಟುಕೊಟ್ಟೆ ಅಂತ ಸಹಿ ಹಾಕಿಸಿಕೊಂಡಿದ್ದರೂ ಆ ಕಾಗದಕ್ಕೆ ಬೆಲೆ ಇಲ್ಲ. ಅವರದು ಮೇಡಂ ಕೇಸ್ ಹಾಕಿದರು, ನಡೆಯುತ್ತಿದೆ. ಇನ್ನೊಂದು ಮಾತು, ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನಾನು ಬರೆದಿರುವುದೆಲ್ಲ ಹಳೇ ಕಾಯ್ದೆಗಳ ಲೆಕ್ಕ. ಈಗ ಏಟಾದವರು ಸೆಕ್ಷನ್ ನಂಬರುಗಳನ್ನು ನನ್ನ ರಿವ್ಯೂ ನೋಡಿ ಹೇಳಬೇಡಿ, ಮೇಡಂ ಹತ್ತಿರ ಬೈಸಿಕೊಳ್ಳುತ್ತೀರಿ.

ಒಟ್ಟು ನಾನು ಕೊಟ್ಟಿದ್ದು 4,000. ಮೊದಲ ದಿನ 500, ಪತ್ರಗಳಿಗೆ 3,000, ಬೋರ್ಡಿಗೆ ಮುಂಚೆ 500. ರಸೀದಿ ಕೊಟ್ಟರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಫೋನಿಗೂ ಅಲ್ಲ, ಬೈದಿದ್ದಕ್ಕೂ ಅಲ್ಲ, ಜೂನಿಯರ್‌ಗೂ ಅಲ್ಲ. ಮೆಟ್ಟಿಲಿಗೆ. ಕಾಲು ಮುರಿದವರು, ಸೊಂಟ ಹೋದವರು ಬರುವ ಆಫೀಸು ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಕಡಿದಾದ 19 ಮೆಟ್ಟಿಲು, ಹಿಡಿಯಲು ಕಂಬಿ ಎಡಗಡೆ ಮಾತ್ರ, ಅದು ನನಗೆ ಹಿಡಿಯಲು ಆಗದ ಕಡೆ. ಯಾದಗಿರಿ ಅಣ್ಣನನ್ನು ಅವತ್ತು ಬೇಕರಿ ಹುಡುಗರಿಬ್ಬರು ಕುರ್ಚಿ ಸಮೇತ ಎತ್ತಿಕೊಂಡು ಬಂದಿದ್ದರು. ಮೇಡಂಗೆ ಹೇಳಿದೆ. ಕೆಳಗಿನ ಬಾಡಿಗೆ ಎಷ್ಟು ಗೊತ್ತಾ ಅಂದರು.

ಸೋಮವಾರದಿಂದ ಶುಕ್ರವಾರ ಸಂಜೆ 6ರಿಂದ 8:30, ಶನಿವಾರ ಬೆಳಗ್ಗೆ. ಜೆರಾಕ್ಸ್ ಅಲ್ಲ, ಒರಿಜಿನಲ್ ಕಾಗದ ತನ್ನಿ. ಆರು ಗಂಟೆಗೇ ಹೋಗಿ ಸಾಲು ಹಿಡಿಯಿರಿ, ಇಲ್ಲದಿದ್ದರೆ ಕೆಳಗಿನ ಬೇಕರಿಯಲ್ಲಿ ದಿಲ್‌ಪಸಂದ್ ತಿಂದುಕೊಂಡು ಕಾಯಬೇಕಾಗುತ್ತದೆ. ಅದಕ್ಕೆ 5 ಸ್ಟಾರ್.